ಬೈಂದೂರಿನಿಂದ ಬವೇರಿಯಾಕ್ಕೆ: ‘ಬಿಯರ್’ ಶಬ್ದದ ಕುಂದಾಪ್ರ ಮೂಲ

‘ಬಿಯರ್’ ಶಬ್ದದ ಹುಟ್ಟಿನ ಬಗ್ಗೆ ಪಾಶ್ಚಾತ್ಯ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಕುಡಿಯುವುದು ಎಂಬರ್ಥದ ಲ್ಯಾಟಿನ್ನಿನ ‘ಬಿಬೆರೆ’ಯಿಂದ ಬಂತೆಂದು ಕೆಲವರು, ಬಾರ್ಲಿಯ ಹೆಸರಿನಿಂದ ಎಂದು ಕೆಲವರು. ಇವರಲ್ಲಿ ಯಾರೂ ಸೀತಾನದಿ ದಾಟಿ ಬಡಗಲಾಗಿ ಬಂದವರಲ್ಲ ಎಂಬುದು ಮೇಲ್ನೋಟಕ್ಕೇ ಗೊತ್ತಾಗುತ್ತದೆ.

ಮೊದಲು ಧ್ವನಿನಿಯಮ. ಯಾಕೋಬ್ ಗ್ರಿಮ್ 1822ರಲ್ಲಿ ‘ಪ’ಕಾರ ‘ಫ’ಕಾರವಾದದ್ದನ್ನು ತೋರಿಸಿ ಹೆಸರು ಮಾಡಿದ. ಪಾಲು ಹಾಲಾದದ್ದನ್ನು ಕಂಡ ನಮಗೆ ಅದೇನು ದೊಡ್ಡದಲ್ಲ. ಕುಂದಾಪ್ರ ಕನ್ನಡದ ನಿಯಮ ಇನ್ನೂ ಚುರುಕು: ಕಳ್ಳು ಇಳಿಸುವ ಮೂರ್ತೆದಾರ ಹೊಂಬಾಳೆಯ ತುದಿ ಕೆತ್ತುವಂತೆ, ನಾಲಗೆಗೆ ಅಡ್ಡ ಬಂದ ಸ್ವರವನ್ನು ಸವರಿಬಿಡುವುದು. ಕುಂದಾಪುರ ಕುಂದಾಪ್ರವಾಯಿತು, ಹೋಗಬೇಕು ‘ಹೋಯ್ಕ್’ ಆಯಿತು. ಅದೇ ಕತ್ತಿಯನ್ನು ಬೈಂದೂರಿನ ಮೇಲೆ ಆಡಿಸಿ: ಬೈಂದೂರು, ಬೈಂದ್ರ್, ಬೈರ್ನ್. ಜರ್ಮನರು ಬವೇರಿಯಾಕ್ಕೆ ಹೇಳುವುದೇ ‘ಬಾಯರ್ನ್’! ಅಲ್ಲಿಂದ ಬಿಯರಿಗೆ ಒಂದೇ ಗುಟುಕು. ನಡುವಿನ ‘ದ’ಕಾರ ಎಲ್ಲಿ ಹೋಯಿತೆಂದು ಕೇಳುವವರು ಎರಡು ಕುಡ್ತೆ ಕಳ್ಳು ಹಾಕಿ ಉಚ್ಚರಿಸಿ ನೋಡತಕ್ಕದ್ದು.

ಇನ್ನು ಶಾಸನಾಧಾರ. 1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಸಲ್ಲುವುದೆಂದು ಕಟ್ಟಳೆ ಮಾಡಿದರು. ಹುಳಿ ಬರಿಸುವ ಯೀಸ್ಟಿನ ಹೆಸರೇ ಇಲ್ಲ. ಆಗ ಸೂಕ್ಷ್ಮಜೀವಿಗಳ ಅರಿವಿರಲಿಲ್ಲವೆಂಬ ಸಮಜಾಯಿಷಿ ದುರ್ಬಲ. ಸುಣ್ಣ ಸವರದ ಮಡಕೆಯಲ್ಲಿ ಬೆಳಿಗ್ಗೆ ಇಳಿಸಿದ ಸಿಹಿ ರಸ, ಯಾರೂ ಏನೂ ಬೆರೆಸದೆ, ಮಧ್ಯಾಹ್ನದೊಳಗೆ ನೊರೆಯೆದ್ದು ಮರುದಿನ ವಿನೆಗರಿನ ದಾರಿ ಹಿಡಿಯುತ್ತದೆ. ಗಾಳಿಯಲ್ಲಿ ಪುಕ್ಕಟೆ ಸಿಗುವುದನ್ನು ಕರಾವಳಿಯವನು ಪಟ್ಟಿಗೆ ಸೇರಿಸುವುದಿಲ್ಲ. ಆದಕಾರಣ ಕಟ್ಟಳೆ ಬರೆದವನು ನಮ್ಮವನೇ.

ಹಳೆಯ ನಾರ್ಸ್ ಕಾವ್ಯ ‘ಆಲ್ವಿಸ್‌ಮಾಲ್’ ಪ್ರಕಾರ ಮನುಷ್ಯರು ‘ಓಲ್’ ಎನ್ನುವುದನ್ನು ದೇವತೆಗಳು ‘ಬ್ಯೋರ್’ ಎನ್ನುತ್ತಾರೆ. ಇಲ್ಲೂ ಮನುಷ್ಯರ ಕಳ್ಳಿಗೆ ಅಬಕಾರಿ ಇಲಾಖೆ ಶೇಂದಿ ಎನ್ನುತ್ತದೆ. ದೇವತೆಗಳು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಬ್ರಹ್ಮಾವರ ಪಂಥದವರ ವಾದ ಬೇರೆ. ತುಳುವಿನಲ್ಲಿ ಕಳ್ಳು ‘ಕಲಿ’, ಕನ್ನಡದಲ್ಲಿ ಕಲಿ ಎಂದರೆ ವೀರ, ವೀರನ ತದ್ಭವ ಬೀರ, ಬೀರನೇ ಬಿಯರ್. ಸಾಲದ್ದಕ್ಕೆ ಆಳುಪರ ರಾಜಧಾನಿ ಬಾರ್ಕೂರನ್ನು ಸಾಕ್ಷಿಗೆ ಕರೆಯುತ್ತಾರೆ: ಬಾರ್, ಕೂರು. ವಿಧ್ಯರ್ಥಕ ಕ್ರಿಯಾಪದವಿರುವ ರಾಜಧಾನಿ ನಮ್ಮಲ್ಲಿಲ್ಲ. ಈ ಏಟಿಗೆ ಬೈಂದೂರು ಪಂಥ ಇನ್ನೂ ಸುಧಾರಿಸಿಕೊಂಡಿಲ್ಲ.

ಬಿಯರಿನ ನಾಡಿನಲ್ಲೇ ಹುಟ್ಟಿದ ಕಿಟ್ಟೆಲ್, ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಇದನ್ನೇಕೆ ಸೇರಿಸಲಿಲ್ಲ? ಪಾದ್ರಿಗಳು, ಗೊತ್ತಿದ್ದರೂ ಹೇಳುವಂತಿರಲಿಲ್ಲ.

ಶೇಂದಿ ಅಂಗಡಿಯ ವಿದ್ವತ್ಸಭೆಯಲ್ಲಿ ಇದನ್ನು ಮಂಡಿಸಿದಾಗ ಎದ್ದ ಆಕ್ಷೇಪ ಒಂದೇ: “ಹ್ವಾಯ್, ಅದೆಲ್ಲ ಸಮಾ ಮಾರಾಯ್ರೆ. ಈ ಕುಡ್ತಿ ದುಡ್ಡ್ ಯಾರ್ ಕೊಡುದ್?”