ಮೂಗಿನ ಮೇಲಿನ ಬೆರಳು: ಒಂದು ಶಾಸ್ತ್ರೀಯ ವಿವೇಚನೆ

ಅಥಾತೋ ಅಚ್ಚರಿಜಿಜ್ಞಾಸಾ. ಇನ್ನು ಬೆರಳು ಮತ್ತು ಮೂಗಿನ ವಿಚಾರ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಪ್ರಾಪ್ತವಯಸ್ಕರ ತೋರುಬೆರಳು ಮೂಗಿನ ತುದಿಯನ್ನು ಮುಟ್ಟುವ ಕ್ರಿಯೆ ದಿನೇ ದಿನೇ ಕ್ಷೀಣಿಸುತ್ತಿರುವುದು ಪ್ರಸ್ತುತ ಸಂಶೋಧಕನ ಗಮನಕ್ಕೆ ಬಂದಿದೆ. ಮೂಗು ಇದ್ದಲ್ಲೇ ಇದೆ. ಬೆರಳೂ ಕೈಗೆ ಅಂಟಿಕೊಂಡೇ ಇದೆ. ನಡುವಿನ ಸಂಚಾರ ಮಾತ್ರ ನಿಂತಿದೆ. ಈ ಸ್ಥಗಿತಕ್ಕೆ ಕಾರಣವೇನು, ಪುನರಾರಂಭದ ಉಪಾಯವೇನು ಎಂಬುದೇ ಇಲ್ಲಿನ ಪ್ರಮೇಯ. ಬಾಲಕರನ್ನು ಅಧ್ಯಯನದ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಅವರ ಬೆರಳು ಮೂಗಿನ ಮೇಲಿರುವುದಿಲ್ಲ, ಒಳಗಿರುತ್ತದೆ, ಅದು ಬೇರೆಯೇ ಶಾಸ್ತ್ರ. ಕಬ್ಬು ಹೇರಿಕೊಂಡ ಎರಡು ಟ್ರೇಲರಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡ ಕಾರಿನವರನ್ನೂ ಕೈಬಿಡಲಾಗಿದೆ. ಅವರ ಬಾಯಿ ಅಗಲವಾಗಿ ತೆರೆದುಕೊಳ್ಳುವುದು ನಿಜ, ಆದರೆ ಅದರಿಂದ ಹೊರಬರುವ ಮಾತುಗಳನ್ನು ಕೇಳಿದ ಮೇಲೆ ಅದು ಅದ್ಭುತರಸವಲ್ಲ, ರೌದ್ರ ಎಂದು ನಿರ್ಣಯಿಸಬೇಕಾಯಿತು.

ಪೂರ್ವಪಕ್ಷ

ಹಿಂದಿನ ಆಚಾರ್ಯರು ಏನೆಂದರು? ನಾಟ್ಯಶಾಸ್ತ್ರದ ಭರತನ ಪ್ರಕಾರ ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯೀಭಾವ, ಬ್ರಹ್ಮನೇ ಅಧಿದೇವತೆ, ಬಣ್ಣ ಹಳದಿ. ನಮ್ಮ ಕಡೆ ಜಾತ್ರೆಯಲ್ಲಿ ಅರಿಶಿನದ ಭಂಡಾರ ತೂರುವವರು ಭರತನನ್ನು ಓದಿರಲಿಕ್ಕಿಲ್ಲ. ಬಣ್ಣ ಮಾತ್ರ ಸರಿಯಾಗಿ ಆರಿಸಿದ್ದಾರೆ. ತತ್ವಜ್ಞಾನ ಹುಟ್ಟುವುದೇ ಅಚ್ಚರಿಯಿಂದ ಎಂದ ಗ್ರೀಸಿನ ಅರಿಸ್ಟಾಟಲ್. ಫ್ರಾನ್ಸಿನ ದೆಕಾರ್ತ್ 1649ರಲ್ಲಿ ಅಚ್ಚರಿಯನ್ನು ಎಲ್ಲ ಭಾವಗಳಿಗಿಂತ ಮೊದಲನೆಯದೆಂದು ಕೂರಿಸಿದ. ಅತಿಯಾದರೆ ಮನುಷ್ಯ ಕಲ್ಲಾಗಿ ನಿಂತುಬಿಡುತ್ತಾನೆಂದು ಎಚ್ಚರಿಕೆಯನ್ನೂ ಕೊಟ್ಟ. ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಆ ಎಚ್ಚರಿಕೆ ಅನಗತ್ಯ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆಲ್ಟ್ನರ್ ಮತ್ತು ಹೈಟ್ 2003ರಲ್ಲಿ ಬೆರಗಿಗೆ ಎರಡು ಲಕ್ಷಣ ಹೇಳಿದರು: ಎದುರಿಗಿರುವುದು ನಮಗಿಂತ ಬಹಳ ದೊಡ್ಡದೆನಿಸಬೇಕು, ತಲೆಯೊಳಗಿನ ಹಳೆಯ ಚೌಕಟ್ಟಿನಲ್ಲಿ ಅದು ಕೂರದೆ ಚೌಕಟ್ಟನ್ನೇ ಹಿಗ್ಗಿಸುವಂತಾಗಬೇಕು. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಲ್ಲಿನ ಹಿರಿಯರನ್ನು 8 ವಾರ, ವಾರಕ್ಕೊಮ್ಮೆ 15 ನಿಮಿಷ, ಬೆರಗಿನ ಕಣ್ಣಿಟ್ಟುಕೊಂಡು ನಡೆಯಲು ಕಳಿಸಿದರು. ಅವರೇ ತೆಗೆದುಕೊಂಡ ಸೆಲ್ಫಿಗಳಲ್ಲಿ ವಾರದಿಂದ ವಾರಕ್ಕೆ ಅವರ ಆಕೃತಿ ಚಿಕ್ಕದಾಗುತ್ತ, ಸುತ್ತಲಿನ ಜಗತ್ತು ದೊಡ್ಡದಾಗುತ್ತ ಹೋಯಿತಂತೆ. ನಗುವೂ ಅಗಲವಾಯಿತಂತೆ.

ಈ ಮಾನದಂಡವನ್ನು ನಮ್ಮ ಬಸ್‌ಸ್ಟ್ಯಾಂಡುಗಳ ಎದುರಿನ ಹುಟ್ಟುಹಬ್ಬದ ಫ್ಲೆಕ್ಸುಗಳಿಗೆ ಅನ್ವಯಿಸಲಾಯಿತು. ಮುಖದ ಗಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಸುತ್ತಲಿನ ಜಗತ್ತು ಕೆಳಗಿನ ಸಾಲಿನಲ್ಲಿ ಶುಭಕೋರುವವರ ಅಂಚೆಚೀಟಿ ಅಳತೆಗೆ ಇಳಿದಿದೆ. ನಗು ಇಲ್ಲ, ಕಪ್ಪು ಕನ್ನಡಕವಿದೆ. ಇದಕ್ಕಿಂತ ಗಟ್ಟಿ ಪುರಾವೆ ಶಾಸ್ತ್ರಕ್ಕೆ ಬೇಕಿಲ್ಲ.

ರೋಗಲಕ್ಷಣ

ರೋಗಿಯನ್ನು ಗುರುತಿಸುವುದು ಸುಲಭ. ಏನನ್ನೇ ತೋರಿಸಿದರೂ ಅವನು ‘ಅದರಾಗೇನೈತ್ರಿ’ ಎನ್ನುತ್ತಾನೆ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಜಮಖಂಡಿ ಪುರಸಭೆಯ ಅಧ್ಯಕ್ಷರಾಗಿ ಹೊರಟು, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1974ರಲ್ಲಿ ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ಗಟಾರದ ಅರ್ಜಿ ವಿಲೇವಾರಿ ಮಾಡುವ ಕುರ್ಚಿಯಿಂದ ರಾಷ್ಟ್ರಪತಿ ಭವನಕ್ಕೆ! ಹೇಳಿ ನೋಡಿ. ‘ಅದರಾಗೇನೈತ್ರಿ, ನಮ್ಮ ಪೈಕೀನ ಅವರು.’ ಅದೇ ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು, ಅನುಭಾವದ ಮೇಲೆ ದೊಡ್ಡ ದೊಡ್ಡ ಗ್ರಂಥ ಬರೆದರು, ಕೊನೆಗೆ ನಿಂಬಾಳದ ಪುಟ್ಟ ರೈಲು ನಿಲ್ದಾಣದ ಬಳಿ ಆಶ್ರಮ ಮಾಡಿಕೊಂಡು ನಾಮಸ್ಮರಣೆಯಲ್ಲಿ ಕೂತರು. ‘ಹೌದ್ರಿ, ಪೆನ್ಶನ್ ಎಷ್ಟ ಬರತಿತ್ತಂತ?’

ಇದು ದಡ್ಡತನವಲ್ಲ ಎಂಬುದನ್ನು ಶಾಸ್ತ್ರ ಸ್ಪಷ್ಟಪಡಿಸುತ್ತದೆ. ಇದು ಮರ್ಯಾದೆಯ ಪ್ರಶ್ನೆ. ಮೀಸೆ ಬಂದವನು ಬೆರಗಾದರೆ ಅವನಿಗೆ ಮೊದಲೇ ಗೊತ್ತಿರಲಿಲ್ಲ ಎಂದಾಗುತ್ತದೆ. ಗೊತ್ತಿರಲಿಲ್ಲ ಎಂದಾದರೆ ಚಹಾದಂಗಡಿಯಲ್ಲಿ ಅವನ ಮಾತಿನ ರೇಟು ಬೀಳುತ್ತದೆ. ಆದ್ದರಿಂದ ಬೆರಳು ಮೂಗಿನ ಕಡೆ ಹೊರಟರೂ ದಾರಿಯಲ್ಲಿ ಮೀಸೆಗೆ ತಿರುಗಿ ಅಲ್ಲೇ ತಿರುವುತ್ತ ನಿಲ್ಲುತ್ತದೆ.

ಇದಕ್ಕೆ ಮದ್ದಾಗಿ ಕೆಲವು ಉಪದೇಶಕರು ‘ಮತ್ತೆ ಮಗುವಾಗಿ’ ಎನ್ನುತ್ತಾರೆ. ಈ ಮತ ಖಂಡನೀಯ. ಒಮ್ಮೆ ಆಗಿದ್ದೇವೆ, ಸಾಕು. ಮಗುವಿನ ಅಚ್ಚರಿ ಗೊತ್ತಿಲ್ಲದ್ದರಿಂದ ಹುಟ್ಟುವಂಥದು, ಗೊತ್ತಾದೊಡನೆ ಸಾಯುತ್ತದೆ. ಗೊತ್ತಾದಷ್ಟೂ ಬೆಳೆಯುವ ಅಚ್ಚರಿಯೊಂದಿದೆ, ಅದಕ್ಕೆ ವಯಸ್ಸಾಗಿರಲೇಬೇಕು, ಸ್ವಲ್ಪ ಸಾಲವೂ ಇದ್ದರೆ ಒಳ್ಳೆಯದು. ಈ ಸಿದ್ಧಾಂತವನ್ನು ಸ್ಥಾಪಿಸಲು ಕ್ಷೇತ್ರಕಾರ್ಯ ಕೈಗೊಳ್ಳಲಾಯಿತು.

ಕ್ಷೇತ್ರಕಾರ್ಯ

ಮೊದಲು ಮುಧೋಳ. ಇಲ್ಲಿನ ನಾಯಿಯನ್ನು ಕಂಡ ಹೊರಗಿನವರು ಕೇಳುವ ಮೊದಲ ಪ್ರಶ್ನೆ, ‘ಇದಕ್ಕ ಊಟ ಹಾಕಂಗಿಲ್ಲೇನ್ರಿ?’ ಹಾಕುತ್ತಾರೆ. ಆ ಬಡಕಲು ಮೈ ಓಟಕ್ಕೆಂದೇ ಆದದ್ದು. ಅದು ನಾಗಾಲೋಟಕ್ಕೆ ಬಿದ್ದಾಗ ಪ್ರತಿ ನೆಗೆತದ ಸುತ್ತಿನಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ತಳಿಯನ್ನು ಉಳಿಸಿ ಬೆಳೆಸಿ, ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. ಈ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಆಮೇಲೆ ಸೈನ್ಯಕ್ಕೂ ಸೇರಿತು, ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಇಷ್ಟಾದರೂ ನಾಯಿಯ ಮುಖದಲ್ಲಿ ಗರ್ವವಿಲ್ಲ. ಫ್ಲೆಕ್ಸ್ ಹಾಕಿಸಿಕೊಂಡಿಲ್ಲ.

ಇದೇ ಮುಧೋಳದವನು ರನ್ನ. ಹುಟ್ಟಿದ್ದು 949ರಲ್ಲಿ, ಬಳೆಗಾರರ ಮನೆಯಲ್ಲಿ. ಓದುವ ಹಂಬಲಕ್ಕೆ ಶ್ರವಣಬೆಳಗೊಳದವರೆಗೆ ಹೋದ, ಅಜಿತಸೇನಾಚಾರ್ಯರ ಶಿಷ್ಯನಾದ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಗದಾಯುದ್ಧದಲ್ಲಿ ಒಂದು ದಿನದ ಕಾಳಗವನ್ನಿಟ್ಟುಕೊಂಡು, ಸಿಂಹ ಹಿಂತಿರುಗಿ ನೋಡುವ ಕ್ರಮದಲ್ಲಿ ಇಡೀ ಭಾರತವನ್ನೇ ನೋಡಿಬಿಟ್ಟ. ಕೊಳದ ತಣ್ಣೀರಿನೊಳಗೆ ಅಡಗಿದ ದುರ್ಯೋಧನ ಭೀಮನ ಗರ್ಜನೆಗೆ ನೀರೊಳಗೇ ಬೆವರುವಂತೆ ಮಾಡಿದ. ಮೇ ತಿಂಗಳಲ್ಲಿ ಮುಧೋಳದ ಸಂತೆಯಲ್ಲಿ ನಿಂತವರಿಗೆ ಬೆವರಿನ ಬಗ್ಗೆ ಹೊಸದಾಗಿ ಹೇಳುವ ಅಗತ್ಯವಿಲ್ಲ, ಹಾಗಾಗಿ ಈ ಚಮತ್ಕಾರವೂ ಅಲ್ಲಿ ಸಪ್ಪೆಯಾಗಿರಬಹುದು. ರನ್ನ ಮುಧೋಳದವನೋ ಬೆಳಗಲಿಯವನೋ ಎಂಬ ವಾದದಲ್ಲಿ ಉತ್ಸಾಹ ತೋರುವವರು ಬಹಳ. ಗದಾಯುದ್ಧ ಓದಿದ್ದೀರಾ ಎಂದು ಅವರನ್ನು ಕೇಳುವುದು ಸಭ್ಯತೆಯಲ್ಲ.

ಮುಂದೆ ರಬಕವಿ-ಬನಹಟ್ಟಿ. ಇಲ್ಲಿ ವಿದ್ಯುತ್ ಮಗ್ಗದ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಆಚೀಚೆ ಹಾರುತ್ತದೆ. ಓಣಿ ಓಣಿಯಲ್ಲಿ ಅದೇ ಸದ್ದು. ಹೊರಗಿನವನಿಗೆ ಕಿವಿ ಗಡಚಿಕ್ಕುತ್ತದೆ. ಊರಿನವನಿಗೆ ಕೇಳಿಸುವುದೇ ಇಲ್ಲ. ಕರೆಂಟು ಹೋದ ಕ್ಷಣದಲ್ಲಿ ಮಾತ್ರ ಇಡೀ ಪೇಟೆ ತಲೆ ಎತ್ತಿ ‘ಏನಾತು?’ ಎನ್ನುತ್ತದೆ. ಶಾಸ್ತ್ರಕ್ಕೆ ಇದು ಮಹತ್ವದ ದತ್ತಾಂಶ. ಆದರೆ ನಿಜವಾದ ಅಚ್ಚರಿ ಸದ್ದಿನಲ್ಲೂ ಇಲ್ಲ, ಮೌನದಲ್ಲೂ ಇಲ್ಲ. ಒಂದು ಹಾಸು ಮುಗಿದು ಇನ್ನೊಂದನ್ನು ಮಗ್ಗಕ್ಕೆ ಏರಿಸುವಾಗ ಹಳೆಯ ಹಾಸಿನ ಸಾವಿರಗಟ್ಟಲೆ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಕೆಚ್ಚಬೇಕು. ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಗೆರೆ. ಕೆಚ್ಚುವವರು ಎಳೆ ನೋಡುವುದೂ ಇಲ್ಲ, ಪಕ್ಕದವರ ಜೊತೆ ಮಗಳ ಮದುವೆಯ ಮಾತಾಡುತ್ತಿರುತ್ತಾರೆ, ಬೆರಳು ತನ್ನಷ್ಟಕ್ಕೆ ಎಳೆ ಹೊಸೆಯುತ್ತಿರುತ್ತದೆ. ಈ ಊರಿನ ಬೆರಳು ಮೂಗಿನ ಮೇಲೆ ಏಕಿಲ್ಲ ಎಂಬುದಕ್ಕೆ ಇಲ್ಲಿ ಮಾತ್ರ ಸಮರ್ಪಕ ಕಾರಣ ದೊರೆಯಿತು: ಅದಕ್ಕೆ ಕೆಲಸವಿದೆ. ಅಂಥ ಬೆರಳಿಗೆ ಸಿಗುವ ಕೂಲಿ ಕೇಳಿದರೆ ಬೇರೆ ಬಗೆಯ ಅಚ್ಚರಿಯಾಗುತ್ತದೆ. ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ ಎಂದು ಬರೆಯುವುದು ವಿದ್ವಾಂಸರ ರೂಢಿ, ಬರಬೇಕು.

ಸಿದ್ಧಾಂತದ ಪ್ರಧಾನ ಸಾಕ್ಷ್ಯ ಸಿಕ್ಕಿದ್ದು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ. ಕೃಷ್ಣೆಗೆ ಅಡ್ಡಲಾಗಿ ಅಲ್ಲೊಂದು ಬ್ಯಾರೇಜು ಇದೆ. ಬೇಸಿಗೆಯಲ್ಲಿ ನದಿ ಒಣಗುತ್ತಿತ್ತು, ಸರ್ಕಾರಕ್ಕೆ ಅರ್ಜಿ ಕೊಟ್ಟು ಕೊಟ್ಟು ರೈತರ ಕೈ ಸೋತಿತ್ತು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಕಟ್ಟಿ ಮುಗಿಸಿದರು. ನಿಂತ ನೀರಿಗೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು.

ಇಲ್ಲಿ ಮಗುವನ್ನೂ ಪ್ರಾಯದವನನ್ನೂ ಒಟ್ಟಿಗೆ ನಿಲ್ಲಿಸಿ ನೋಡಬೇಕು. ಮಗು ನೀರು ನೋಡಿ ಕುಣಿಯುತ್ತದೆ, ಎರಡು ಕಲ್ಲು ಎಸೆಯುತ್ತದೆ, ಐಸ್‌ಕ್ರೀಂ ಕೇಳುತ್ತದೆ. ಅದರ ವಿಸ್ಮಯ ಅಲ್ಲಿಗೆ ಮುಗಿಯಿತು. ಪ್ರಾಯದವನಿಗೆ ಗೊತ್ತಿರುವುದೇ ಬೇರೆ. ಅಣ್ಣತಮ್ಮಂದಿರು ಒಂದು ಗೇಣು ಬದುವಿಗಾಗಿ ಮೂರು ತಲೆಮಾರು ಕೋರ್ಟು ಹತ್ತುವುದು ಗೊತ್ತು. ಗುಡಿಯ ಪಟ್ಟಿ ಎತ್ತಲು ಬಂದವರನ್ನು ಕಂಡರೆ ಹಿತ್ತಲ ಬಾಗಿಲಿಂದ ಹೋಗುವುದು ಗೊತ್ತು, ತಾನೇ ಹೋಗಿದ್ದಾನೆ. ಕಮಿಟಿ ಎಂದರೆ ಏನು, ಲೆಕ್ಕಪತ್ರ ಎಂದರೆ ಏನು, ‘ಮುಂದಿನ ಸೋಮವಾರ ಕೊಡತೀನ್ರಿ’ ಎಂದರೆ ಏನು, ಎಲ್ಲ ಗೊತ್ತು. ಇಷ್ಟೆಲ್ಲ ಗೊತ್ತಿರುವ ಮನುಷ್ಯ ಆ ಕಟ್ಟೆಯ ಮೇಲೆ ನಿಂತು, ಇಂಥದೇ ಮಂದಿ ರೊಕ್ಕ ಕೊಟ್ಟರು, ಇಂಥದೇ ಮಂದಿ ಕಲ್ಲು ಹೊತ್ತರು, ಕೃಷ್ಣೆ ನಿಂತಳು ಎಂದು ಯೋಚಿಸಿದರೆ ಬೆರಳು ತಾನಾಗಿ ಮೇಲೇಳಲೇಬೇಕು. ಕೆಲ್ಟ್ನರ್ ಮಹಾಶಯರು ಹೇಳಿದ ‘ದೊಡ್ಡದು’ ನೀರಿನ ವಿಸ್ತಾರವಲ್ಲ. ವಸೂಲಾದ ಪಟ್ಟಿ.

ಬೀಳಗಿಯಲ್ಲಿ ಶಾಸ್ತ್ರ ಚಪ್ಪಲಿ ಬಿಟ್ಟು ನಡೆಯಬೇಕಾಗುತ್ತದೆ. ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮ ಇರುವುದು ಇಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಾಗ ಅಲ್ಲಿನ ಗುಡಿಯನ್ನು ನೀರು ಆವರಿಸುತ್ತದೆ, ಇಳಿದಾಗ ಬಿಟ್ಟುಕೊಡುತ್ತದೆ. ಚಳಿಗಾಲಕ್ಕೆ ಆ ಹಿನ್ನೀರಿನ ಅಂಚಿಗೆ ರಾಜಹಂಸಗಳು ಬರುತ್ತವೆ; ಹಿಮಾಲಯವನ್ನೇ ಹಾರಿ ದಾಟುವ ಪಟ್ಟೆತಲೆ ಹೆಬ್ಬಾತುಗಳೂ ಬರುತ್ತವೆ. ಕ್ಯಾಮೆರಾದವರು ಓಡಿಬರುತ್ತಾರೆ. ಅದೇ ದಂಡೆಯಲ್ಲಿ ನಿಂತು ‘ನಮ್ಮ ಹೊಲದಾಗ ನಿಂತಾವ್ರಿ ಹಕ್ಕಿ’ ಎನ್ನುವವರೂ ಸಿಗುತ್ತಾರೆ. ಅವರಿಗೆ ಅದು ಅಲಂಕಾರವಲ್ಲ. ಹೊಲ ನಿಜಕ್ಕೂ ಅಲ್ಲೇ ಇದೆ, ಕೆಳಗೆ. ಜಲಾಶಯ ತುಂಬುವ ಮಟ್ಟ 519.60 ಮೀಟರ್ ಎಂಬುದು ಇಲ್ಲಿ ಶಾಲೆ ಕಲಿಯದವರಿಗೂ ದಶಾಂಶ ಸಮೇತ ಬಾಯಿಪಾಠ, ಅಣೆಕಟ್ಟು 524.256ಕ್ಕೆ ಏರಿದರೆ ಮತ್ತೆಷ್ಟು ಹೊಲ, ಯಾರ ಮನೆ ಎಂಬ ಲೆಕ್ಕವೂ ಬಾಯಲ್ಲೇ. ಭರತನು ಭಯಾನಕವನ್ನೂ ಅದ್ಭುತವನ್ನೂ ಬೇರೆ ಬೇರೆ ರಸವೆಂದು ಎಣಿಸಿದ. ಹಿನ್ನೀರಿನ ದಂಡೆಯಲ್ಲಿ ಅವೆರಡನ್ನೂ ಬೇರ್ಪಡಿಸಲು ಪ್ರಸ್ತುತ ಸಂಶೋಧಕನಿಗೆ ಸಾಧ್ಯವಾಗಲಿಲ್ಲ.

ಅಭ್ಯಾಸಕ್ರಮ

ಚಿಕಿತ್ಸೆ ಸರಳ, ಖರ್ಚಿಲ್ಲ. ನಮ್ಮವರು ಏನು ಕಂಡರೂ ‘ಎಷ್ಟಾತ್ರಿ?’ ಎಂದು ಕೇಳುತ್ತಾರೆ. ಕೇಳಲಿ, ಅದು ಜನ್ಮಸಿದ್ಧ ಹಕ್ಕು. ಉತ್ತರ ಬಂದ ಮೇಲೆ ಎದ್ದು ಹೋಗದೆ ‘ಹೆಂಗ ಮಾಡಿದ್ರಿ?’ ಎಂದು ಇನ್ನೊಂದು ಪ್ರಶ್ನೆ ಕೇಳಬೇಕು. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ದರ ಕೇಳಿದ ಮೇಲೆ ಗಾಣದ ಮನೆಗೂ ಹೋಗಿ. ಕುದಿಯುವ ರಸಕ್ಕೆ ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದನ್ನು, ಪಾಕದ ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಿನಿಂದ ಒತ್ತಿ ಹದ ಹೇಳುವುದನ್ನು ನೋಡಿ. ಥರ್ಮಾಮೀಟರ್ ಎಲ್ಲಿ ಎಂದು ಕೇಳಬೇಡಿ, ನಗುತ್ತಾರೆ.

ಎರಡನೇ ಪ್ರಶ್ನೆ ಕೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ಆಕ್ಷೇಪವಿದೆ. ಹೋಗುತ್ತದೆ. ಆದರೆ ಎದುರಿನವನು ತನ್ನ ಕಸುಬಿನ ಬಗ್ಗೆ ಕೇಳುವವರು ಸಿಕ್ಕರೆಂದು ಚಹಾ ತರಿಸುತ್ತಾನೆ, ಲೆಕ್ಕ ಸರಿಹೋಗುತ್ತದೆ.

ಈ ಮತವನ್ನು ಒಪ್ಪದ ವಿದ್ವಾಂಸರು ಕಾಗದದ ಮೇಲೆ ಖಂಡಿಸದೆ, ಬೇಸಿಗೆಯಲ್ಲಿ ಒಂದು ದಿನ ಚಿಕ್ಕಪಡಸಲಗಿಯ ಕಟ್ಟೆಗೇ ಬಂದು ವಾದಿಸಬೇಕೆಂದು ಕೋರಿದೆ. ಸಂಶೋಧನೆಗೆ ಅನುದಾನವಿಲ್ಲ, ರೊಟ್ಟಿ ಬುತ್ತಿ ಅವರವರೇ ಕಟ್ಟಿಕೊಂಡು ಬರತಕ್ಕದ್ದು.