ಕುರ್ಲಾದ ಅಮೆರಿಕನ್

ಪವಾಯಿಯಲ್ಲಿ ಮನುಷ್ಯರಿಗೆ ಮನೆ ಸಿಕ್ಕೀತು, ಕಾರಿಗೆ ಜಾಗ ಸಿಗುವುದಿಲ್ಲ. ಸಾಕಿ ವಿಹಾರ್ ರಸ್ತೆಯಿಂದ ಹಿರಾನಂದಾನಿಯವರೆಗೆ ಎದ್ದು ನಿಂತಿರುವ ಗೋಪುರಗಳ ಕೆಳಗೆ ಈಗ ಕಾರುಗಳನ್ನು ಒಂದರ ಮೇಲೊಂದು ಪೇರಿಸುವ ಯಂತ್ರಗಳು ಬಂದಿವೆ. ಗುಂಡಿ ಒತ್ತಿದರೆ ನಿಮ್ಮ ಕಾರು ಮೇಲೆ ಹೋಗುತ್ತದೆ. ಅದು ಕೆಳಗೆ ಬರಬೇಕಾದರೆ ಪಕ್ಕದ ಮನೆಯವರು ಊರಲ್ಲಿರಬೇಕಾಗುತ್ತದೆ. ಇಂಥ ಕಡೆ ಹೆಚ್ಚುಕಡಿಮೆ ಐದು ಮೀಟರ್ ಉದ್ದದ, ಎಪ್ಪತ್ತು ದಾಟಿದ ಡಾಡ್ಜ್ ಕಿಂಗ್ಸ್‌ವೇ ಒಂದನ್ನು ಸಾಕಬೇಕಾದರೆ ದುಡ್ಡಿಗಿಂತ ಹೆಚ್ಚಾಗಿ ದಪ್ಪ ಚರ್ಮ ಬೇಕು. ನಮ್ಮ ಡಾಜಣ್ಣನಿಗೆ ಅದಿದೆ.

ಹೆತ್ತವರು ಇಟ್ಟ ಹೆಸರು ಸೊಸೈಟಿಯ ಮೆಂಟೆನೆನ್ಸ್ ಬಿಲ್ಲಿನಲ್ಲಿ ಮಾತ್ರ ಕಾಣಿಸುತ್ತದೆ. ಉಳಿದಂತೆ ಮಕ್ಕಳಿಗೆ, ವಾಚ್‌ಮನ್ನಿಗೆ, ಹಾಲಿನವನಿಗೆ ಎಲ್ಲರಿಗೂ ಅವರು ಡಾಜಣ್ಣ. ಕಾರ್ಕಳದ ಕಡೆಯವರು. ಚಡ್ಡಿ ಹಾಕುವ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಕೊನೆಗೆ ಸ್ವಂತ ಕ್ಯಾಂಟೀನು ಹಿಡಿದವರು. ಕಾರನ್ನು ಅವರು ಕೊಂಡದ್ದಲ್ಲ, ಬಾಕಿಗೆ ಬಂದದ್ದು. ಊಟದ ಲೆಕ್ಕ ತೀರಿಸಲಾಗದ ಒಬ್ಬ ಗುತ್ತಿಗೆದಾರ, ಶೆಡ್ಡಿನ ಹಿಂದೆ ಟಾರ್ಪಾಲು ಹೊದ್ದು ಮಲಗಿದ್ದ ಈ ಗಾಡಿಯನ್ನು ತೋರಿಸಿ ಕೈಮುಗಿದನಂತೆ. ಇಡ್ಲಿ-ಚಟ್ನಿ ಕೊಟ್ಟು ಅಮೆರಿಕದ ಕಾರು ಪಡೆದ ಇನ್ನೊಬ್ಬ ಕನ್ನಡಿಗ ಇದ್ದರೆ ನನಗೆ ಗೊತ್ತಿಲ್ಲ.

ಪವಾಯಿ ಮಾತ್ರ ಇಂಥ ಬೆರಕೆಗೆ ಹೇಳಿ ಮಾಡಿಸಿದ ಜಾಗ. ಕೆರೆಯ ದಂಡೆಯ ಐಐಟಿ 1958ರಲ್ಲಿ ಶುರುವಾದಾಗ ನೆರವು ಬಂದದ್ದು ಸೋವಿಯತ್ ದೇಶದಿಂದ. ಆಚೆ ಬದಿಯಲ್ಲಿರುವ ಎಲ್ ಆ್ಯಂಡ್ ಟಿ ಇಬ್ಬರು ಡೇನಿಷ್ ಎಂಜಿನಿಯರುಗಳು ಹುಟ್ಟುಹಾಕಿದ ಕಂಪನಿ. ಕೆರೆ ಇಂಗ್ಲಿಷರ ಕಾಲದ್ದು, ಅದರೊಳಗಿನ ಮೊಸಳೆಗಳು ಮಾತ್ರ ಸ್ಥಳೀಯರು. ಇದರ ನಡುವೆ ಡೆಟ್ರಾಯಿಟ್‌ನ ಒಂದು ಕಾರು, ತುಳು ಮಾತಾಡುವ ಯಜಮಾನ, ಉರ್ದುವಿನಲ್ಲಿ ಬಯ್ಯುವ ಮೆಕ್ಯಾನಿಕ್ ಉಸ್ತಾದ್, ಇವರೆಲ್ಲರ ಮೇಲೆ ಮರಾಠಿಯಲ್ಲಿ ನೋಟೀಸು ಬರೆಯುವ ಸೊಸೈಟಿ ಸೆಕ್ರೆಟರಿ.

ಕಾರು ಅಮೆರಿಕದ್ದು ಎಂದು ಯಾರಾದರೂ ಹೇಳಿದರೆ ಡಾಜಣ್ಣ ಒಪ್ಪುವುದಿಲ್ಲ. “ಎಂತ ಅಮೆರಿಕ ಮಾರಾಯ್ರೆ? ಇದು ಬೆಂಗಳೂರಲ್ಲಿ ಹುಟ್ಟಬೇಕಿದ್ದ ಕೂಸು. ಹೆರಿಗೆ ಕುರ್ಲಾದಲ್ಲಾಯ್ತು, ಅಷ್ಟೇ.”

ಇದು ಅಭಿಮಾನದ ಮಾತೆಂದು ತಳ್ಳಿಹಾಕುವಂತಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ದೇಶದಲ್ಲೇ ಕಾರು ತಯಾರಾಗಬೇಕೆಂಬ ಹಟ ಹಿಡಿದಿತ್ತು. 1935ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಯುರೋಪು ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ, ಯೋಜನೆ ತಯಾರಿಸಿ ತಂದರು. ಕಾರ್ಖಾನೆ ಬೆಂಗಳೂರಿನಲ್ಲಾಗಲಿ ಎಂದರು; ಮಿರ್ಜಾ ಇಸ್ಮಾಯಿಲರ ಮೈಸೂರು ಸರಕಾರಕ್ಕೂ ಮನಸ್ಸಿತ್ತು. ಮೇಲಿನ ಬ್ರಿಟಿಷ್ ಸರಕಾರಕ್ಕೆ ಇರಲಿಲ್ಲ. ಇಂಡಿಯಾದವರು ಕಾರು ಕೊಳ್ಳಲಿ, ಮಾಡುವ ಉಸಾಬರಿ ಯಾಕೆ ಎಂಬ ಧೋರಣೆ. ವಿಶ್ವೇಶ್ವರಯ್ಯನವರ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹಿರಾಚಂದ್ ಅಷ್ಟಕ್ಕೆ ಬಿಡುವ ಪೈಕಿ ಅಲ್ಲ. ಕಾರಿನ ಮಾತುಕತೆಗೆಂದೇ 1939ರಲ್ಲಿ ಅಮೆರಿಕಕ್ಕೆ ಹೊರಟರು. ವಿಮಾನದಲ್ಲಿ ಭೇಟಿಯಾದವನು ಪಾಲಿ ಎಂಬ ಅಮೆರಿಕನ್. ಅವನ ವ್ಯಾಪಾರ ಯುದ್ಧವಿಮಾನಗಳದ್ದು. ಮಾತಿಗೆ ಮಾತು ಬೆಳೆದು, 1940ರ ಕೊನೆಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತಲೆಯೆತ್ತಿತು. ಅದೇ ಇಂದಿನ ಎಚ್‌ಎಎಲ್. ಕಾರು ಕೇಳಿದ ಬೆಂಗಳೂರಿಗೆ ವಿಮಾನ ಬಂತು. ಕಾರಿಗೆಂದು ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದ ಯುದ್ಧ ಮುಗಿಯುವವರೆಗೆ ಕಾದು, 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೊಮೊಬೈಲ್ಸ್ ಮೂಲಕ ಕುರ್ಲಾದಲ್ಲಿ ಫಲ ಕೊಟ್ಟಿತು. ಪವಾಯಿಯಿಂದ ಸಾಕಿ ನಾಕಾ ದಾಟಿದರೆ ಕುರ್ಲಾ. ಟ್ರಾಫಿಕ್ ಇಲ್ಲದ ದಿನ ಹದಿನೈದು ನಿಮಿಷ. ಅಂಥ ದಿನ ಬರುವುದು ಗಣಪತಿ ಮುಳುಗಿಸಿದ ಮರುದಿನ ಬೆಳಗ್ಗೆ ಮಾತ್ರ.

ಕುರ್ಲಾದಿಂದ ಹೊರಬಿದ್ದದ್ದು ಡಾಡ್ಜ್, ಪ್ಲಿಮತ್, ಡಿಸೋಟೊ. ಇದರಲ್ಲೊಂದು ತಮಾಷೆಯಿದೆ. ಹೊರದೇಶಗಳಿಗೆಂದು ಕ್ರೈಸ್ಲರ್‌ನವರು ತಮ್ಮ ಅಗ್ಗದ ಪ್ಲಿಮತ್ ಕಾರಿಗೇ ಬೇರೆ ಬೇರೆ ಬಿಲ್ಲೆ ಅಂಟಿಸಿ, ಒಂದು ಕಡೆ ಡಾಡ್ಜ್ ಕಿಂಗ್ಸ್‌ವೇ ಎಂದೂ ಇನ್ನೊಂದು ಕಡೆ ಡಿಸೋಟೊ ಡಿಪ್ಲೊಮ್ಯಾಟ್ ಎಂದೂ ಮಾರುತ್ತಿದ್ದರು. ಒಂದೇ ಅಡುಗೆಮನೆಯ ಸಾಂಬಾರಿಗೆ ಮೂರು ಹೋಟೆಲಿನ ಬೋರ್ಡು. ಹಾಗಾಗಿ ಡಾಜಣ್ಣನ ಡಾಡ್ಜ್ ನಿಜದಲ್ಲಿ ಪ್ಲಿಮತ್. ಈ ಸಂಗತಿಯನ್ನು ಅವರೆದುರು ಎತ್ತಬಾರದೆಂದು ಅವರ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ನನಗೆ ಮೊದಲೇ ಹೇಳಿಟ್ಟಿದ್ದರು.

ಡಾಡ್ಜ್, ಪ್ಲಿಮತ್‌ಗಳೇ ಆಗ ಮುಂಬಯಿಯ ದೊಡ್ಡ ಟ್ಯಾಕ್ಸಿಗಳು. ಮುಂದಿನ ಸೀಟು ಸೋಫಾದ ಹಾಗೆ ಉದ್ದಕ್ಕೂ ಒಂದೇ. ಗೇರಿನ ಸಲಾಕೆ ಸ್ಟಿಯರಿಂಗಿಗೆ ಅಂಟಿಕೊಂಡಿತ್ತು. ಆರು ಜನ ಧಾರಾಳ, ಮದುವೆಯಿದ್ದರೆ ಹನ್ನೊಂದು. ಆದರೆ ಆರು ಸಿಲಿಂಡರಿನ 3.6 ಲೀಟರ್ ಎಂಜಿನ್ನು ಕುಡಿಯುವ ಪೆಟ್ರೋಲು ಅಮೆರಿಕದ ಬೆಲೆಯನ್ನು ಲೆಕ್ಕಹಾಕಿ ಮಾಡಿದ್ದು. ಲೀಟರಿಗೆ ಐದಾರು ಕಿಲೊಮೀಟರ್ ಕೊಟ್ಟರೆ ಪುಣ್ಯ. 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಇಂಥ ಕಾರಿಟ್ಟುಕೊಂಡವರು ಎರಡು ಪಂಗಡವಾದರು: ಮಾರಿದವರು, ಎಂಜಿನ್ ಕಿತ್ತವರು.

ಅಮೆರಿಕದ ಹುಡುಗರೂ ಎಂಜಿನ್ ಕಿತ್ತವರೇ. ಎರಡನೆಯ ಯುದ್ಧ ಮುಗಿಸಿ ಬಂದ ಕ್ಯಾಲಿಫೋರ್ನಿಯಾದ ಪಡ್ಡೆಗಳು ಹಳೆಯ ಫೋರ್ಡುಗಳ ಮಡ್‌ಗಾರ್ಡು ಬಿಚ್ಚಿ, ನೆತ್ತಿ ತಗ್ಗಿಸಿ, ಇನ್ನೂ ಕಸುವಿನ ವಿ-8 ಎಂಜಿನ್ ತುರುಕಿ ಹಾಟ್ ರಾಡ್ ಎಂದರು. ಸ್ವೀಡನ್ನಿನಲ್ಲಿ ಈ ಹುಚ್ಚು ಇವತ್ತಿಗೂ ಬೇಸಿಗೆ ಜಾತ್ರೆಯಂತೆ ನಡೆಯುತ್ತದೆ. ಅವರೆಲ್ಲ ಕಾರು ಬದಲಾಯಿಸಿದ್ದು ಹೆಚ್ಚು ಓಡಲೆಂದು. ನಾವು ಬದಲಾಯಿಸಿದ್ದು ಕಡಿಮೆ ಉಣ್ಣಲೆಂದು. ನೂರರ ಹತ್ತಿರದ ಅಶ್ವಶಕ್ತಿಯನ್ನು ಕಿತ್ತು, ಆ ಜಾಗದಲ್ಲಿ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದ ಮೇಲೆ ಕಾರು ಘಾಟಿ ಹತ್ತುವಾಗ ಒಳಗಿದ್ದವರೆಲ್ಲ ಮುಂದಕ್ಕೆ ಬಾಗಿ ಸಹಕರಿಸಬೇಕಿತ್ತು. ಆದರೂ ಹತ್ತುತ್ತಿತ್ತು. ನಮ್ಮ ನಿಜವಾದ ಬಂಧುಗಳು ಕ್ಯೂಬಾದವರು. ಅಮೆರಿಕ ವ್ಯಾಪಾರ ನಿಲ್ಲಿಸಿದ ಮೇಲೆ ಹವಾನಾದ ಷೆವ್ರೊಲೆ, ಬ್ಯೂಕ್‌ಗಳಿಗೆ ಸೋವಿಯತ್ ಲಾಡಾದ ಭಾಗಗಳನ್ನೂ ಸಿಕ್ಕ ಡೀಸೆಲ್ ಎಂಜಿನ್ನನ್ನೂ ಜೋಡಿಸಿ ಅವರು ಇಂದಿಗೂ ಬಾಡಿಗೆ ಹೊಡೆಯುತ್ತಾರೆ. ಹಾಟ್ ರಾಡಿನ ಬಗ್ಗೆ ಬಣ್ಣದ ಪುಸ್ತಕಗಳಿವೆ. ಮ್ಯಾಟಡೋರ್ ಡಾಡ್ಜಿನ ಬಗ್ಗೆ ಯಾರೂ ಬರೆದಂತಿಲ್ಲ. ನನ್ನನ್ನು ಕೇಳಿದರೆ ಎರಡನೆಯದರಲ್ಲೇ ಹೆಚ್ಚು ಎಂಜಿನಿಯರಿಂಗ್ ಇದೆ. ಕೂರದಿರುವುದನ್ನು ಕೂರಿಸಿದ್ದು, ಅದೂ ಕುರ್ಲಾದ ಗಲ್ಲಿಯಲ್ಲಿ, ನಕ್ಷೆ ಇಲ್ಲದೆ, ಮೌಂಟಿಂಗ್‌ಗೆ ರೈಲ್ವೆ ಗುಜರಿಯ ಕಬ್ಬಿಣ ಕೊಯ್ದು.

ಡಾಜಣ್ಣನಿಗೆ ಬಾಕಿಯಲ್ಲಿ ಬಂದದ್ದು ಅಂಥದೇ ಗಾಡಿ. ಕ್ಯಾಂಟೀನಿಗೆ ತರಕಾರಿ ಹೊತ್ತಿತು, ಮಗಳ ಮದುವೆಯಲ್ಲಿ ಮದುಮಗನನ್ನು ಹೊತ್ತಿತು. ನಿವೃತ್ತರಾದ ಮೇಲೆ ಅವರಿಗೆ ಅದನ್ನು ‘ಮೂಲ ರೂಪ’ಕ್ಕೆ ತರಬೇಕೆಂಬ ಆಸೆ ಹುಟ್ಟಿತು. ಇದಕ್ಕೆ ಧರ್ಮಸ್ಥಳವೇ ಕಾರಣ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತಾರೆ. ಮಂಜುನಾಥನ ದರ್ಶನ ಮುಗಿಸಿ, ಹೆಗ್ಗಡೆಯವರು ಕೂಡಿಹಾಕಿದ ಹಳೆಯ ಕಾರುಗಳ ಸಂಗ್ರಹ ನೋಡಲು ನಿಲ್ಲುತ್ತಾರೆ. ದೇವರ ಮುಂದೆ ನಿಂತದ್ದಕ್ಕಿಂತ ಬಾನೆಟ್ಟುಗಳ ಮುಂದೆ ನಿಂತದ್ದೇ ಹೆಚ್ಚು ಎಂದು ಅತ್ತಿಗೆಯ ಆಕ್ಷೇಪ.

ಆಸೆಗೆ ಕಾನೂನಿನ ಕುಮ್ಮಕ್ಕೂ ಸಿಕ್ಕಿತು. 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರು ಫಲಕದಲ್ಲಿ ‘ವಿಎ’ ಎಂಬ ಎರಡಕ್ಷರ, ಹತ್ತು ವರ್ಷದ ಆಯುಸ್ಸು. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲು ಹಾಕಿಸಲು ಓಡಿಸಬಹುದು. ದಿನನಿತ್ಯ ತರಕಾರಿ ತರಲು ಅಲ್ಲ. ಷರತ್ತು ಒಂದೇ: ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಮ್ಯಾಟಡೋರ್ ಎಂಜಿನ್ ಗಣನೀಯವೋ ಅಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಹಾಗಾದರೆ ಹಳೆಯ ಎಂಜಿನ್ ವಾಪಸು ಹಾಕೋಣ ಎಂದರೆ ಆರ್‌ಟಿಒ ಏಜೆಂಟು ಆರ್‌ಸಿ ಪುಸ್ತಕ ಬಿಚ್ಚಿ ತೋರಿಸಿದ. ಇಂಧನ: ಡೀಸೆಲ್. ಎಂಜಿನ್ ನಂಬರು: ಮ್ಯಾಟಡೋರಿನದು. ಕಾಗದದ ಮಟ್ಟಿಗೆ ಈ ಡಾಡ್ಜ್ ಡೀಸೆಲ್ ಕಾರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಾಯಿಸಬೇಕಾದರೆ ಅಪ್ಪಣೆ ಬೇಕು. 2019ರಲ್ಲಿ ಸುಪ್ರೀಂ ಕೋರ್ಟೂ ತಯಾರಕರ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ಗಾಡಿ ತಿದ್ದುವಂತಿಲ್ಲ ಎಂದು ಬಿಗಿಗೊಳಿಸಿತು. ಅಂದರೆ ಕಾರಿಗೆ ಅದರದೇ ಹೃದಯವನ್ನು ಮರಳಿ ಇಡುವುದು ಈಗ ಮಾರ್ಪಾಡು! “ಹಾಗಿದ್ರೆ ಮೂಲ ಯಾವುದು ಮಾರಾಯ್ರೆ?” ಎಂದು ಡಾಜಣ್ಣ ನನ್ನನ್ನು ಕೇಳಿದರು. ಕಾರು ಪೆಟ್ರೋಲಿನಲ್ಲಿ ಓಡಿದ ಕಾಲಕ್ಕಿಂತ ಡೀಸೆಲಿನಲ್ಲಿ ಓಡಿದ ಕಾಲವೇ ದೊಡ್ಡದು. ಡೀಸೆಲ್ ಹಾಕಿರದಿದ್ದರೆ ಎಂದೋ ತೂಕಕ್ಕೆ ಹೋಗಿರುತ್ತಿತ್ತು. ಅದನ್ನು ಉಳಿಸಿದ ಅಪರಾಧವೇ ಈಗ ಅದರ ಕುಲ ಕೆಡಿಸಿದೆ. ನಾನಾಗಿದ್ದರೆ ಮ್ಯಾಟಡೋರನ್ನೇ ತೊಳೆದು ಬಣ್ಣ ಬಳಿದು ಹೆಮ್ಮೆಯಿಂದ ಇಟ್ಟುಕೊಳ್ಳುತ್ತಿದ್ದೆ. ಆದರೆ ಕಾರು ನನ್ನದಲ್ಲ, ಇಡ್ಲಿಯೂ ನನ್ನದಾಗಿರಲಿಲ್ಲ.

ಅಪ್ಪಣೆಯ ಅರ್ಜಿ ಒಂದು ಕಡೆ, ಎಂಜಿನ್ ಬೇಟೆ ಇನ್ನೊಂದು ಕಡೆ. ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಅಂಗಡಿಗಳಲ್ಲಿ ನಿನ್ನೆ ಮೊನ್ನೆಯ ಕಾರುಗಳ ಬಾಗಿಲುಗಳು ಗೋಡೆಯೆತ್ತರಕ್ಕೆ ನಿಂತಿರುತ್ತವೆ, ಡಾಡ್ಜ್ ಎಂದರೆ ಹುಡುಗರು ತಲೆ ಕೆರೆಯುತ್ತಾರೆ. ಚೋರ್ ಬಜಾರಿನಲ್ಲಿ ಸ್ಪೀಡೋಮೀಟರು ಸಿಕ್ಕಿತು, ಗಡಿಯಾರವೆಂದು ಮಾರುತ್ತಿದ್ದರು. ಎಂಜಿನ್ ಕೊನೆಗೆ ರಾಯಗಡದ ಕಡೆ ಒಂದು ಅಕ್ಕಿಗಿರಣಿಯ ಹಿಂದೆ ಪತ್ತೆಯಾಯಿತು. ಬೋರಿಂಗ್ ಮಾಡಿಸಲು ಹೋದರೆ ಲೇತಿನವನ ಬಳಿ ಮಿಲಿಮೀಟರಿನ ಅಳತೆ, ಎಂಜಿನ್ನಿನ ಮೈಯಲ್ಲೆಲ್ಲ ಇಂಚು. ಪಾನಾ ಸಹ ಇಂಚಿನದೇ ಬೇಕು. ನಮ್ಮ ಸೊಸೈಟಿಯ ಒಬ್ಬ ನಿವೃತ್ತ ಟರ್ನರ್ ಅಜ್ಜ, ತಮ್ಮ ಇಂಚಿನ ಮೈಕ್ರೋಮೀಟರನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟವರು, ಆ ದಿನದಿಂದ ಮತ್ತೆ ಬೆಳಗ್ಗೆ ಏಳಕ್ಕೆ ಶೇವ್ ಮಾಡತೊಡಗಿದರು.

ಮಿಕ್ಕ ಬಿಡಿಭಾಗಗಳು ಡೆಟ್ರಾಯಿಟಿನಿಂದ. ಅಮೆರಿಕದಲ್ಲಿ ಈ ಹಳೆಯ ಎಂಜಿನ್ನಿಗೆ ಗ್ಯಾಸ್ಕೆಟ್ಟು, ವಾಟರ್ ಪಂಪು ಎಲ್ಲ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಡಾಜಣ್ಣನ ಅಕ್ಕನ ಮಗ ಅಲ್ಲೇ ಕಾರು ಕಂಪನಿಯಲ್ಲಿ ಎಂಜಿನಿಯರು, ಪಂಪ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಯಕ್ಷಗಾನದ ವೇಷ ಕಟ್ಟುವವನು. ಬರುವಾಗ ಸೂಟ್‌ಕೇಸಿನಲ್ಲಿ ಬ್ರೇಕ್ ಸಿಲಿಂಡರು, ಹೋಗುವಾಗ ಹಲಸಿನ ಹಪ್ಪಳ. ವಿಮಾನ ನಿಲ್ದಾಣದಲ್ಲಿ ಎರಡನ್ನೂ ಒಂದೇ ಅನುಮಾನದಿಂದ ನೋಡುತ್ತಾರಂತೆ. ಡಾಡ್ಜ್ ಹುಟ್ಟಿದ ಹ್ಯಾಮ್‌ಟ್ರಾಮಿಕ್‌ನ ದೊಡ್ಡ ಕಾರ್ಖಾನೆ ನೋಡಿ ಬಾ ಎಂದು ಮಾವ ಹೇಳಿ ಕಳಿಸಿದ್ದರು. ಅದನ್ನು ಮುಚ್ಚಿದ್ದೇ 1980ರಲ್ಲಿ. ಬೆನ್ನಿಗೇ ಕೆಡವಿ ಅಲ್ಲಿ ಬೇರೆ ಕಂಪನಿಯ ಕಾರ್ಖಾನೆ ಕಟ್ಟಿದರು. ಕುರ್ಲಾದ ಪ್ರೀಮಿಯರ್ ಕಾಂಪೌಂಡಿನಲ್ಲೂ ಈಗ ಕೊಹಿನೂರ್ ಸಿಟಿಯ ಮಾಲು, ಫ್ಲ್ಯಾಟು. ಶಿವಡಿಯಲ್ಲಿ ಜನರಲ್ ಮೋಟಾರ್ಸ್‌ನವರು 1928ರಿಂದ ಷೆವ್ರೊಲೆ ಜೋಡಿಸುತ್ತಿದ್ದ ಕಾರ್ಖಾನೆ 1954ರಲ್ಲೇ ಬಾಗಿಲು ಹಾಕಿತ್ತು.

ಎಂಜಿನ್ ಕೂತಿತು, ಅಪ್ಪಣೆಯೂ ಬಂತು. ಅಲ್ಲಿಂದ ಮುಂದೆ ಕರೆಂಟಿನ ಕಥೆ. ಈ ಕಾರಿನ ಬ್ಯಾಟರಿ ಆರೇ ವೋಲ್ಟು. ಅದೂ ಪ್ಲಸ್ ತಂತಿ ಬಾಡಿಗೆ, ಈಗಿನದಕ್ಕೆ ಪೂರಾ ತಿರುಗಮುರುಗ. ಮೊಮ್ಮಗ ಅಜ್ಜನಿಗೆ ಅನುಕೂಲವಾಗಲೆಂದು ಫೋನ್ ಚಾರ್ಜರಿನ ಸಾಕೆಟ್ ಜೋಡಿಸಿದ. ಫೋನು ಸುಟ್ಟ ವಾಸನೆ ಲಿಫ್ಟಿನವರೆಗೆ ಬಂತು. ಪೆಟ್ರೋಲಿನದು ಬೇರೆಯೇ ತಾಪತ್ರಯ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲು. ಪಂಪಿನೊಳಗಿನ ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡಿ ತಿನ್ನುತ್ತದೆ. ಬಿಸಿಲಿಗೆ ಪೆಟ್ರೋಲು ನಳಿಗೆಯಲ್ಲೇ ಆವಿಯಾಗಿ ಜೋಗೇಶ್ವರಿ-ವಿಕ್ರೋಲಿ ರಸ್ತೆಯ ನಡುಮಧ್ಯೆ ಕಾರು ನಿಂತರೆ, ಉಸ್ತಾದ್ ಕಲಿಸಿದ ಹಳೆಯ ಮದ್ದು: ಪಂಪಿನ ಮೇಲೆ ಒದ್ದೆ ಬಟ್ಟೆ. ಡಾಜಣ್ಣನ ಹೆಗಲಿನ ಬೈರಾಸಿಗೆ ಈಗ ಪೆಟ್ರೋಲಿನದೇ ವಾಸನೆ.

ಒಂದೇ ಒಂದು ಭಾಗ ಎಲ್ಲೂ ಸಿಗಲಿಲ್ಲ: ಟಗರು. ಬಾನೆಟ್ಟಿನ ತುದಿಯಲ್ಲಿ ಮುಂದಕ್ಕೆ ಹಾರುವಂತಿರುವ ಟಗರಿನ ಮೂರ್ತಿ 1930ರ ದಶಕದಿಂದ ಡಾಡ್ಜಿನ ಗುರುತು. ನಮ್ಮದರದ್ದನ್ನು ಯಾವ ಕಾಲದಲ್ಲೋ ಯಾರೋ ಬಿಚ್ಚಿದ್ದರು. ಅಮೆರಿಕದಿಂದ ತರಿಸಲು ಹೇಳಿದ ಬೆಲೆಗೆ ಊರಲ್ಲಿ ಜೀವಂತ ಟಗರುಗಳ ಹಿಂಡೇ ಬರುತ್ತಿತ್ತು. ಕೊನೆಗೆ ಡಾಜಣ್ಣ ಒಂದು ಮಬ್ಬು ಫೋಟೊ ಹಿಡಿದು, ದೇವರ ಮುಖವಾಡ ಎರಕಹೊಯ್ಯುವ ಊರಿನ ಕಂಚುಗಾರರೊಬ್ಬರ ಬಳಿ ಹೋದರು. ಅವರು ಫೋಟೊ ನೋಡಿ, ತಿಂಗಳು ಕಾಯಿಸಿ, ತಮಗೆ ತಿಳಿದಂತೆ ಎರೆದು ಕೊಟ್ಟರು. ಕೊಂಬು ಹಿಂದಕ್ಕೆ ಬಾಗಿದೆ, ಹೆಗಲು ಉಬ್ಬಿದೆ, ಮೂಗಿನ ಹೊಳ್ಳೆ ಅರಳಿದೆ. ಗದ್ದೆಯ ಕೆಸರು ಹಾರುವುದೊಂದು ಬಾಕಿ. ಕಂಬಳದ ಕೋಣ, ಅಪ್ಪಟ ಕಂಬಳದ ಕೋಣ.

ಅತ್ತಿಗೆ ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದರು. ಮುಂದಿನ ವಿಂಟೇಜ್ ರ‍್ಯಾಲಿಗೆ ಹೆಸರು ಕೊಟ್ಟಾಗಿದೆ. ಅಲ್ಲಿ ತೀರ್ಪುಗಾರರು ಮೊಳೆ ಮೊಳೆಯನ್ನೂ ಮೂಲಕ್ಕೆ ಹೋಲಿಸಿ ಅಂಕ ಕಳೆಯುತ್ತಾರೆ. ಕೋಣದ ಬಗ್ಗೆ ಕೇಳಿಯೇ ಕೇಳುತ್ತಾರಲ್ಲ ಎಂದೆ. ಡಾಜಣ್ಣ ಬೈರಾಸಿನಿಂದ ಅದರ ಕೊಂಬು ಒರೆಸುತ್ತಾ ಹೇಳಿದರು: “ಕೇಳಲಿ ಮಾರಾಯ್ರೆ. ಇದು ಅಮೆರಿಕದ ಡಾಡ್ಜಾ? ಅಲ್ಲ. ಹೊರದೇಶಕ್ಕೇಂತ ಬೇರೆ ಮಾಡಿದ್ದು. ರಫ್ತು ಮಾದರಿಗೆ ಕೋಣವೇ ಇತ್ತು ಅಂತೇನೆ.”