ಭಾಷಣದೀಪಿಕೆ: ಮನೆಯಲ್ಲೇ ತಯಾರಿಸಬಹುದಾದ ಸಮಯಸೂಚಕಗಳ ಶಾಸ್ತ್ರವಿಚಾರ

ಸೂತ್ರ: ಮಾತಾಡುವವನಿಗೆ ಹೊತ್ತು ಹೋಗುವುದು ತಿಳಿಯದು; ಕೇಳುವವನಿಗೆ ಬೇರೇನೂ ತಿಳಿಯದು.

ಭಾಷ್ಯ: ‘ಇನ್ನೆರಡೇ ಮಾತು ಹೇಳಿ ಮುಗಿಸುತ್ತೇನೆ’ ಎಂದಲ್ಲಿಂದ ಭಾಷಣದ ಉತ್ತರಾರ್ಧ ಶುರುವಾಗುತ್ತದೆ ಎಂಬುದಕ್ಕೆ ನವೆಂಬರ್ ತಿಂಗಳಿಡೀ ಪ್ರತ್ಯಕ್ಷ ಪ್ರಮಾಣವಿದೆ. ನಿರೂಪಕರು ಕಳಿಸಿದ ಚೀಟಿಯನ್ನು ಭಾಷಣಕಾರರು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು ಮುಂದುವರಿಯುತ್ತಾರೆ. ಆದ್ದರಿಂದ ಚಿಕಿತ್ಸೆಯನ್ನು ಮನೆಯಲ್ಲೇ, ಅಭ್ಯಾಸದ ಕಾಲಕ್ಕೇ ಶುರುಮಾಡತಕ್ಕದ್ದು.

ಪರಂಪರೆ: ಪ್ರಾಚೀನ ಅಥೆನ್ಸಿನ ನ್ಯಾಯಸಭೆಯಲ್ಲಿ ತೂತಿನ ಮಡಕೆಯ ನೀರು ಸೋರುವ ತನಕ ಮಾತು. ಅಲ್ಲಿನ ಉತ್ಖನನದಲ್ಲಿ ಸಿಕ್ಕ ಅಂಥ ಒಂದು ಮಡಕೆ ಬರಿದಾಗಲು ಸುಮಾರು 6 ನಿಮಿಷ. ನಮ್ಮ ಗಳಿಗೆ ಬಟ್ಟಲಾದರೋ ನೀರಿನ ಮೇಲೆ ತೇಲಿ, ತಳದ ತೂತಿನಿಂದ ತುಂಬಿ ಮುಳುಗಲು 24 ನಿಮಿಷ. ನಮ್ಮವರ ಸ್ವಾಗತ ಭಾಷಣದ ಉದ್ದಕ್ಕೆ ಇದೇ ಮೂಲವೆಂಬುದು ನನ್ನ ವಾದ. ಈವರೆಗೆ ಯಾವ ವಿದ್ವಾಂಸರೂ ಖಂಡಿಸಿಲ್ಲ, ಓದಿದ್ದರೆ ತಾನೇ.

ಇನ್ನು ಆಧುನಿಕರು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಹುಟ್ಟಿದ ಟೋಸ್ಟ್‌ಮಾಸ್ಟರ್ಸ್ ಸಂಪ್ರದಾಯದ ಪ್ರಕಾರ 5ರಿಂದ 7 ನಿಮಿಷದ ಭಾಷಣಕ್ಕೆ ಐದರಲ್ಲಿ ಹಸಿರು, ಆರರಲ್ಲಿ ಹಳದಿ, ಏಳರಲ್ಲಿ ಕೆಂಪು. ಸ್ಪರ್ಧೆಯಲ್ಲಿ ಮೇಲೆ 30 ಸೆಕೆಂಡಿನ ರಿಯಾಯಿತಿ. ಅದನ್ನೂ ಮೀರಿದರೆ ಅನರ್ಹ. ಈ ಕೊನೆಯ ನಿಯಮ ನಮ್ಮಲ್ಲಿ ಜಾರಿಯಾದರೆ ಅಧ್ಯಕ್ಷರು ಸಿಗುವುದು ಕಷ್ಟ.

ಗೃಹನಿರ್ಮಾಣ ವಿಧಿ: ಒಂದು ಹಲಗೆ, ಮೂರು ಹೋಲ್ಡರ್, ಮೂರು ಸ್ವಿಚ್ಚು, ಮೂರು ಬಣ್ಣದ ಝೀರೋ ಕ್ಯಾಂಡಲ್ ಬಲ್ಬು. ಹಳೆಯ ಝೀರೋ ಬಲ್ಬು ಹೆಸರಿಗೆ ಝೀರೋ, ಎಳೆಯುವುದು ಸುಮಾರು 15 ವ್ಯಾಟ್. ‘ಎರಡೇ ಮಾತು’ ಎಂಬ ಪರಿಭಾಷೆಯೂ ಇದೇ ಜಾತಿಯದು. ಕುಕ್ಕರಿನ ಸೀಟಿ ಪ್ರಮಾಣವಲ್ಲ: ಉರಿ, ನೀರು, ಬೇಳೆಗೆ ತಕ್ಕಂತೆ ಅದು ಮಾತು ಬದಲಿಸುತ್ತದೆ. ಊದುಬತ್ತಿಯೂ ಅಲ್ಲ, ಫ್ಯಾನಿನಡಿ ಬೇಗ ಉರಿದು ಭಾಷಣಕಾರನಿಗೆ ಅನ್ಯಾಯವಾಗುತ್ತದೆ.

ಪೂರ್ವಪಕ್ಷ: ದೀಪ ಹತ್ತಿದರೆ ಸಾಕೇ? ಸ್ವಿಚ್ಚಿಗೆ ಕೂರಿಸಿದ ಮಗರಾಯ ‘ಅಪ್ಪಾ, ಕೆಂಪು ಹತ್ತಿ ಆಗಲೇ ಎಷ್ಟೊತ್ತಾಯ್ತು’ ಎಂದರೆ ‘ಅದು ಹಳದಿ ಕಣೋ, ವೋಲ್ಟೇಜ್ ಕಮ್ಮಿ, ಹಂಗೆ ಕಾಣುತ್ತೆ’ ಎಂಬ ಸಮಾಧಾನ ಬರುತ್ತದೆ. ಕಣ್ಣಿಗೆ ಕಂಡದ್ದು ವಾಗ್ಮಿಯ ಬಾಯಿಗೆ ತಲುಪಬೇಕೆಂಬ ನಿಯಮವಿಲ್ಲ.

ಸಿದ್ಧಾಂತ: ಸೂಚಕವು ಏನನ್ನೂ ಕೊಡಬಾರದು, ಕಿತ್ತುಕೊಳ್ಳಬೇಕು. ಬಲ್ಬು ಬಿಟ್ಟು ಫ್ಯಾನಿನ ರೆಗ್ಯುಲೇಟರ್ ಹಿಡಿಯಿರಿ. ಹಸಿರಿಗೆ ನಾಲ್ಕರಿಂದ ಮೂರಕ್ಕೆ, ಹಳದಿಗೆ ಒಂದಕ್ಕೆ, ಕೆಂಪಿಗೆ ಬಂದ್. ರಾಯಚೂರಿನ ಏಪ್ರಿಲ್‌ನಲ್ಲಿ ವಂದನಾರ್ಪಣೆ ತಾನಾಗಿಯೇ ಬಂದುಬಿಡುತ್ತದೆ. ಮಡಿಕೇರಿಯ ಜುಲೈ ತಿಂಗಳಿಗೆ ಈ ಸಿದ್ಧಾಂತ ಅನ್ವಯಿಸುವುದಿಲ್ಲ; ಅಲ್ಲಿ ಕಾಫಿಯ ಲೋಟವನ್ನೇ ಎತ್ತಿಕೊಂಡು ಹೋಗಬೇಕಾದೀತು.

ಸಭೆಗೂ ಇದನ್ನೇ ಅಳವಡಿಸುವ ಸಂಘಟಕರಲ್ಲಿ ಒಂದೇ ವಿನಂತಿ: ರೆಗ್ಯುಲೇಟರ್ ಅಧ್ಯಕ್ಷರ ಕೈಗೆಟುಕದ ಗೋಡೆಯಲ್ಲಿರಲಿ.